ಎಪ್ಪತ್ತು ಸಹಿ, ಒಂದು ಪ್ರಶ್ನೆ

ಅಣುಬಾಂಬ್ ಎಂದ ಕೂಡಲೇ ನಮಗೆ ನೆನಪಾಗುವುದು ಐನ್‌ಸ್ಟೈನ್, ಓಪನ್‌ಹೈಮರ್. ಆದರೆ ಅದರ ಹಿಂದಿನ ಮೂಲ ವಿಚಾರ ಹೊಳೆದದ್ದು ಲಿಯೊ ಸಿಲಾರ್ಡ್ ಎಂಬ ವಿಜ್ಞಾನಿಗೆ. ಅದರತ್ತ ಅಮೆರಿಕ ಸರ್ಕಾರದ ಗಮನ ಸೆಳೆದವರೂ ಅವರೇ. ಕೊನೆಗೆ, ಜಪಾನಿನ ಊರುಗಳ ಮೇಲೆ ಅದನ್ನು ಅವಸರದಿಂದ ಹಾಕಬೇಡಿ ಎಂದು ಸಹಿ ಸಂಗ್ರಹಿಸಿದವರೂ ಅವರೇ. ಬಿ.ಇ. ಓದುತ್ತಿರುವ ನನಗೆ ಉಳಿದಿಬ್ಬರಿಗಿಂತ ಸಿಲಾರ್ಡ್ ಬದುಕೇ ಹೆಚ್ಚು ಹತ್ತಿರ ಎನಿಸುತ್ತದೆ.

ಸಿಲಾರ್ಡ್ ಹುಟ್ಟಿದ್ದು 1898ರ ಫೆಬ್ರುವರಿ 11ರಂದು, ಹಂಗೇರಿಯ ಬುಡಾಪೆಸ್ಟ್‌ನ ಯಹೂದಿ ಕುಟುಂಬದಲ್ಲಿ. ತಂದೆ ಸಿವಿಲ್ ಎಂಜಿನಿಯರ್. ಮಗನೂ 1916ರಲ್ಲಿ ಎಂಜಿನಿಯರಿಂಗ್‌ಗೇ ಸೇರಿದರು. ಮರುವರ್ಷ ಸೈನ್ಯಕ್ಕೆ ಕರೆ ಬಂತು. ಜ್ವರ ಬಂದು ಆಸ್ಪತ್ರೆ ಸೇರಿದ್ದರಿಂದ ರಣರಂಗಕ್ಕೆ ಹೋಗುವುದು ತಪ್ಪಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಹಂಗೇರಿಯಲ್ಲಿ ಯಹೂದಿ ದ್ವೇಷ ಹೆಚ್ಚಿತು. 1919ರ ಕೊನೆಯಲ್ಲಿ ಅವರು ಬರ್ಲಿನ್‌ಗೆ ಹೊರಟರು. ಅಲ್ಲೂ ಮೊದಲು ಸೇರಿದ್ದು ಎಂಜಿನಿಯರಿಂಗ್‌ಗೆ. ಆದರೆ ಐನ್‌ಸ್ಟೈನ್, ಮ್ಯಾಕ್ಸ್ ಪ್ಲಾಂಕ್ ಇದ್ದ ಊರದು. ಸಿಲಾರ್ಡ್ ಭೌತವಿಜ್ಞಾನದತ್ತ ಹೊರಳಿ 1922ರಲ್ಲಿ ಡಾಕ್ಟರೇಟ್ ಪಡೆದರು.

ಆದರೂ ಒಳಗಿದ್ದ ಎಂಜಿನಿಯರ್ ಎಲ್ಲೂ ಹೋಗಲಿಲ್ಲ. ಆಗಿನ ಫ್ರಿಜ್‌ಗಳಲ್ಲಿ ವಿಷಾನಿಲ ಬಳಕೆಯಾಗುತ್ತಿತ್ತು. ಅದು ಸೋರಿ ಒಂದು ಕುಟುಂಬವೇ ಸತ್ತ ಸುದ್ದಿ ಓದಿದ ಐನ್‌ಸ್ಟೈನ್ ಮತ್ತು ಸಿಲಾರ್ಡ್, ಸೋರುವ ಬೆಸುಗೆಗಳೂ ಸವೆಯುವ ಭಾಗಗಳೂ ಇಲ್ಲದ ಫ್ರಿಜ್ ವಿನ್ಯಾಸಗೊಳಿಸಿ ಪೇಟೆಂಟ್ ಪಡೆದರು. ಯಂತ್ರ ಕೆಲಸ ಮಾಡಿದರಷ್ಟೇ ಸಾಲದು, ಮನೆಯವರನ್ನು ಕೊಲ್ಲಲೂಬಾರದು ಎಂಬ ಯೋಚನೆ ಅದು. ಮುಂದಿನ ಕಥೆ ಓದುವಾಗ ಈ ಫ್ರಿಜ್ಜನ್ನು ಮರೆಯಬಾರದು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಎರಡು ಸೂಟ್‌ಕೇಸ್ ಸಿದ್ಧವಾಗಿಟ್ಟುಕೊಂಡಿದ್ದ ಸಿಲಾರ್ಡ್ ವಿಯೆನ್ನಾ ರೈಲು ಹತ್ತಿದರು. ಖಾಲಿಯಾಗಿದ್ದ ಆ ರೈಲು ಮರುದಿನ ಕಿಕ್ಕಿರಿದಿತ್ತು. ಗಡಿಯಲ್ಲಿ ಅದನ್ನು ತಡೆದು ಯಹೂದಿಗಳನ್ನು ವಿಚಾರಣೆಗೆ ಒಳಪಡಿಸಿದರು. ಒಂದು ದಿನದ ಅಂತರದಲ್ಲಿ ಸಿಲಾರ್ಡ್ ಪಾರಾಗಿದ್ದರು.

ಅದೇ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿದ್ದಾಗ ಪತ್ರಿಕೆಯಲ್ಲಿ ರುದರ್‌ಫರ್ಡ್ ಭಾಷಣದ ವರದಿ ಓದಿದರು. ಪರಮಾಣುವಿನಿಂದ ಶಕ್ತಿ ಪಡೆಯುವ ಮಾತು ಬರೀ ಕನಸು ಎಂಬುದು ಆ ಮಹಾ ವಿಜ್ಞಾನಿಯ ಅಭಿಪ್ರಾಯ. ಸಿಲಾರ್ಡ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಸೌತಾಂಪ್ಟನ್ ರೋ ಎಂಬ ರಸ್ತೆ ದಾಟುವಾಗ ಉತ್ತರ ಹೊಳೆಯಿತು. ಒಂದು ನ್ಯೂಟ್ರಾನ್ ಹೋಗಿ ಬಡಿದಾಗ ಎರಡು ನ್ಯೂಟ್ರಾನ್ ಹೊರಬರುವ ಧಾತು ಸಿಕ್ಕರೆ? ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ. ನಾವಿಂದು ಪಿಯುಸಿಯಲ್ಲೇ ಓದುವ ಸರಣಿ ಕ್ರಿಯೆ ಇದೇ. 1934ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ನಾಜಿಗಳ ಕೈಗೆ ಸಿಗಬಾರದೆಂದು ಅದನ್ನು ಬ್ರಿಟಿಷ್ ನೌಕಾಪಡೆಗೆ ಒಪ್ಪಿಸಿ ಗುಟ್ಟಾಗಿಡಿಸಿದರು.

1938ರ ಕೊನೆಯಲ್ಲಿ ಬರ್ಲಿನ್‌ನಲ್ಲೇ ಯುರೇನಿಯಂ ವಿದಳನ ಪತ್ತೆಯಾಯಿತು. 1939ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಿಲಾರ್ಡ್ ಮತ್ತು ವಾಲ್ಟರ್ ಜಿನ್ ಪ್ರಯೋಗ ಮಾಡಿದಾಗ ಯುರೇನಿಯಂನಿಂದ ನ್ಯೂಟ್ರಾನ್‌ಗಳು ಹೊರಬರುವುದು ಖಚಿತವಾಯಿತು. ಹಿಟ್ಲರ್ ಮೊದಲು ಬಾಂಬ್ ಮಾಡಿಬಿಟ್ಟರೆ? ಈ ಭಯದಿಂದಲೇ ಅವರು ಐನ್‌ಸ್ಟೈನ್ ಬಳಿಗೆ ಹೋದರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಬರೆದ, 1939ರ ಆಗಸ್ಟ್ 2ರ ದಿನಾಂಕವಿರುವ ಪ್ರಸಿದ್ಧ ಪತ್ರ ಸಿದ್ಧವಾದದ್ದು ಹೀಗೆ. ಸಹಿ ಐನ್‌ಸ್ಟೈನ್‌ರದು, ಹಿಂದಿನ ಓಡಾಟ ಸಿಲಾರ್ಡ್‌ರದು. 1942ರ ಡಿಸೆಂಬರ್ 2ರಂದು ಶಿಕಾಗೊದಲ್ಲಿ ಫರ್ಮಿ ನೇತೃತ್ವದಲ್ಲಿ ಜಗತ್ತಿನ ಮೊದಲ ರಿಯಾಕ್ಟರ್ ನಡೆಯಿತು. ಎಲ್ಲರೂ ಹೋದ ಮೇಲೆ ಸಿಲಾರ್ಡ್ ಫರ್ಮಿಯ ಕೈ ಕುಲುಕಿದರು. ಇತಿಹಾಸದಲ್ಲಿ ಇದೊಂದು ಕರಾಳ ದಿನವಾಗಲಿದೆ ಎಂದೂ ಹೇಳಿದರು.

ಇಲ್ಲಿಂದ ಮುಂದಿನದೇ ನನ್ನನ್ನು ಕಾಡುವ ಭಾಗ. 1944ರ ಕೊನೆಯ ಹೊತ್ತಿಗೆ ಜರ್ಮನಿ ಬಳಿ ಬಾಂಬ್ ಇಲ್ಲವೆಂದು ಗೊತ್ತಾಯಿತು. 1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಕೆಲಸ ಶುರುವಾಗಲು ಇದ್ದ ಕಾರಣವೇ ಇಲ್ಲವಾಯಿತು. ಆದರೆ ಕೆಲಸ ನಿಲ್ಲಲಿಲ್ಲ. ಜೋಸೆಫ್ ರಾಟ್‌ಬ್ಲಾಟ್ ಎಂಬ ವಿಜ್ಞಾನಿ ಯೋಜನೆ ಬಿಟ್ಟು ಹೊರಟೇಹೋದರು. ಸಿಲಾರ್ಡ್ ಒಳಗಿದ್ದುಕೊಂಡೇ ಪ್ರಶ್ನೆ ಎತ್ತಿದರು.

ಐನ್‌ಸ್ಟೈನ್‌ರಿಂದ ರೂಸ್‌ವೆಲ್ಟ್‌ಗೆ ಇನ್ನೊಂದು ಪತ್ರ ಬರೆಸಿದರು. ಭೇಟಿ ನಡೆಯುವ ಮೊದಲೇ, ಏಪ್ರಿಲ್ 12ರಂದು, ರೂಸ್‌ವೆಲ್ಟ್ ತೀರಿಕೊಂಡರು. ಮೇ 28ರಂದು, ಮುಂದೆ ವಿದೇಶಾಂಗ ಸಚಿವರಾಗಲಿದ್ದ ಜೇಮ್ಸ್ ಬರ್ನ್ಸ್ ಅವರನ್ನು ಮನೆಗೇ ಹೋಗಿ ಕಂಡರು. ಬಾಂಬ್ ತೋರಿಸಿದರೆ ರಷ್ಯಾ ಹದ್ದುಬಸ್ತಿನಲ್ಲಿರುತ್ತದೆ ಎಂಬ ಲೆಕ್ಕಾಚಾರ ಬರ್ನ್ಸ್‌ರದು. ಜೂನ್‌ನಲ್ಲಿ ಸಿಲಾರ್ಡ್ ಕೂಡ ಸದಸ್ಯರಾಗಿದ್ದ ಜೇಮ್ಸ್ ಫ್ರಾಂಕ್ ಸಮಿತಿ, ಜನರಿಲ್ಲದ ಜಾಗದಲ್ಲಿ ಬಾಂಬಿನ ಶಕ್ತಿಯನ್ನು ಪ್ರದರ್ಶಿಸಿ ಎಂದು ಸಲಹೆ ಕೊಟ್ಟಿತು. ಓಪನ್‌ಹೈಮರ್, ಫರ್ಮಿ ಇದ್ದ ಇನ್ನೊಂದು ಸಮಿತಿ, ಬರೀ ಪ್ರದರ್ಶನದಿಂದ ಯುದ್ಧ ಮುಗಿಯುವ ಸಾಧ್ಯತೆ ಕಾಣುವುದಿಲ್ಲ ಎಂದಿತು.

ಕೊನೆಗೆ ಉಳಿದದ್ದು ಮನವಿ ಪತ್ರ. ಜುಲೈ 17ರ ದಿನಾಂಕದ ಆ ಮನವಿಗೆ ಸಿಲಾರ್ಡ್ ಸೇರಿ 70 ಮಂದಿ ಸಹಿ ಹಾಕಿದರು. ಬಾಂಬನ್ನು ಎಂದೆಂದಿಗೂ ಬಳಸಲೇಬೇಡಿ ಎಂದು ಅದು ಹೇಳಲಿಲ್ಲ. ಶರಣಾಗತಿಯ ಷರತ್ತುಗಳನ್ನು ಮೊದಲು ಜಪಾನಿಗೆ ವಿವರವಾಗಿ, ಬಹಿರಂಗವಾಗಿ ತಿಳಿಸಿ. ಅವು ತಿಳಿದ ಮೇಲೂ ಅವರು ಒಪ್ಪದಿದ್ದರೆ, ಆಗಲೂ ನೈತಿಕ ಹೊಣೆಯನ್ನು ತೂಗಿ ನೋಡಿಯೇ ತೀರ್ಮಾನಿಸಿ. ಇಷ್ಟೇ ಅದರ ಸಾರ. ಮಿಲಿಟರಿಯ ಕೈದಾಟಿ ಹೋಗುವಷ್ಟರಲ್ಲಿ ತಡವಾಗಿತ್ತು. ಆಗ ಅಧ್ಯಕ್ಷರಾಗಿದ್ದ ಟ್ರೂಮನ್ ಅದನ್ನು ನೋಡಲೇ ಇಲ್ಲ.

ಬಾಂಬ್ ಹಾಕಿದ್ದು ಸರಿ ಎನ್ನುವವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಒಕಿನಾವಾ ದ್ವೀಪದ ಯುದ್ಧದಲ್ಲಿ ಎರಡೂ ಕಡೆಯವರು ಸಾವಿರ ಸಾವಿರ ಸತ್ತಿದ್ದರು. ನವೆಂಬರ್‌ನಲ್ಲಿ ಜಪಾನಿನ ಮುಖ್ಯ ಭೂಮಿಗೇ ಸೇನೆ ಇಳಿಸುವ ಯೋಜನೆಯಿತ್ತು. ಮಾರ್ಚ್‌ನಲ್ಲಿ ಟೋಕಿಯೊ ಮೇಲೆ ಸುರಿದ ಬೆಂಕಿ ಬಾಂಬುಗಳಿಗೆ ಒಂದೇ ರಾತ್ರಿ ಸುಮಾರು 1 ಲಕ್ಷ ಜನ ಬಲಿಯಾಗಿದ್ದರೂ ಜಪಾನ್ ಶರಣಾಗಿರಲಿಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಈ ವಿಷಯ ಬಂದಾಗಲೆಲ್ಲ ಅರ್ಧ ಜನ ಇದನ್ನೇ ಹೇಳುತ್ತಾರೆ.

ಆದರೆ ನಾನು ಸಿಲಾರ್ಡ್ ಹಾಕಿದ ಅಳತೆಯಿಂದಲೇ ನೋಡುತ್ತೇನೆ. ಬೇರೆ ದಾರಿಗಳನ್ನು ನಿಜವಾಗಿ ಪ್ರಯತ್ನಿಸಿದ್ದರೇ? ಬಾಂಬ್ ಹಾಕುವ ಆದೇಶ ಹೊರಟದ್ದು ಜುಲೈ 25ಕ್ಕೆ. ಶರಣಾಗಿ ಎಂಬ ಪಾಟ್ಸ್‌ಡ್ಯಾಮ್ ಘೋಷಣೆ ಹೊರಬಂದದ್ದು ಅದರ ಮರುದಿನ. ಅದರಲ್ಲಿ ಅಣುಬಾಂಬಿನ ಮಾತಿಲ್ಲ. ಜಪಾನೀಯರಿಗೆ ಎಲ್ಲಕ್ಕಿಂತ ಮುಖ್ಯವಾಗಿದ್ದ ಚಕ್ರವರ್ತಿಯ ಸ್ಥಾನ ಏನಾಗುತ್ತದೆ ಎಂಬುದೂ ಇಲ್ಲ. ಯುದ್ಧ ಮುಗಿದ ಮೇಲೆ ಅದೇ ಚಕ್ರವರ್ತಿಯನ್ನು ಉಳಿಸಿಕೊಂಡರು. ಆಗಸ್ಟ್ 6ರಂದು ಹಿರೋಶಿಮಾ. ಆಗಸ್ಟ್ 9ರ ಬೆಳಗ್ಗೆ ರಷ್ಯಾದ ದಾಳಿಯ ಸುದ್ದಿ ತಿಳಿದು ಜಪಾನಿನ ನಾಯಕರು ಸಭೆ ಸೇರಿದ್ದಾಗಲೇ ನಾಗಾಸಾಕಿ. ಆ ವರ್ಷದ ಕೊನೆಯೊಳಗೆ ಹಿರೋಶಿಮಾದಲ್ಲಿ ಸುಮಾರು 1.40 ಲಕ್ಷ, ನಾಗಾಸಾಕಿಯಲ್ಲಿ ಸುಮಾರು 70 ಸಾವಿರ ಜನ ಸತ್ತರು. ಬಹುಪಾಲು ಸಾಮಾನ್ಯ ಜನ. ಬಾಂಬ್ ಇಲ್ಲದೆ ಯುದ್ಧ ಮುಗಿಯುತ್ತಿತ್ತೇ ಎಂದು ಕೇಳಿದರೆ ಯಾರೂ ಪ್ರಮಾಣ ಮಾಡಿ ಹೇಳಲಾರರು. ಕೊನೆಯ ದಾರಿ ಎಂದು ಕರೆಯುವ ಮುನ್ನ ಉಳಿದ ದಾರಿಗಳಲ್ಲಿ ನಡೆದು ನೋಡಲಿಲ್ಲ ಎಂಬುದನ್ನಂತೂ ಹೇಳಬಹುದು.

ಯುದ್ಧಾನಂತರ ಸಿಲಾರ್ಡ್ ಅಣುಶಕ್ತಿಯನ್ನು ಮಿಲಿಟರಿ ಹಿಡಿತದಿಂದ ತಪ್ಪಿಸಲು ಹೋರಾಡಿದರು. ಭೌತವಿಜ್ಞಾನ ಬಿಟ್ಟು ಜೀವವಿಜ್ಞಾನಕ್ಕೆ ಬಂದರು. ಮೂತ್ರಕೋಶದ ಕ್ಯಾನ್ಸರ್ ಬಂದಾಗ ತಮ್ಮ ವಿಕಿರಣ ಚಿಕಿತ್ಸೆಯನ್ನು ತಾವೇ ಯೋಜಿಸಿ ಗುಣವಾದರು. 1962ರಲ್ಲಿ ಅಣ್ವಸ್ತ್ರ ನಿಯಂತ್ರಣಕ್ಕಾಗಿ ಸಂಘಟನೆ ಕಟ್ಟಿದರು. 1964ರ ಮೇ 30ರಂದು ಕ್ಯಾಲಿಫೋರ್ನಿಯಾದಲ್ಲಿ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು.

ನಮ್ಮ ಬ್ರಾಂಚ್‌ನ ಸೀನಿಯರ್‌ಗಳು ಈಗ ಡ್ರೋನ್, ಕೃತಕ ಬುದ್ಧಿಮತ್ತೆಯ ಕಂಪನಿಗಳಿಗೆ ಸೇರುತ್ತಿದ್ದಾರೆ. ಮುಂದಿನ ವರ್ಷ ಕ್ಯಾಂಪಸ್ ಇಂಟರ್‌ವ್ಯೂಗೆ ನಮ್ಮ ಸರದಿ. ದೇಶಕ್ಕೆ ರಕ್ಷಣೆ ಬೇಕು, ನಮಗೆ ಕೆಲಸ ಬೇಕು. ಎರಡೂ ನಿಜ. ಆದರೆ ಒಂದು ಕೆಲಸಕ್ಕೆ ಸೇರುವಾಗ ಇದ್ದ ಕಾರಣ ನಡುವೆ ಇಲ್ಲವಾಗಬಹುದು. ಆಗ ಇದನ್ನು ಇನ್ನೂ ಯಾಕೆ ಮಾಡುತ್ತಿದ್ದೇವೆ, ಯಾರ ಮೇಲೆ ಬಳಸುತ್ತಾರೆ ಎಂದು ಕೇಳುವುದು ಮಂತ್ರಿಗಳಷ್ಟೇ ಮಾಡಬೇಕಾದ ಕೆಲಸವಲ್ಲ, ಮಾಡಿದವರದೂ ಹೌದು. ಸಿಲಾರ್ಡ್ ಮನವಿ ಬಾಂಬನ್ನು ತಡೆಯಲಿಲ್ಲ. ಆದರೆ ಆಗ ಯಾರಿಗೂ ಬೇರೆ ಯೋಚನೆಯೇ ಬಂದಿರಲಿಲ್ಲ ಎಂದು ಇಂದು ಯಾರೂ ಹೇಳುವಂತಿಲ್ಲ. ಅಲ್ಲಿ 70 ಸಹಿಗಳಿವೆ.