ಮಹಾತ್ಮರೂ ಹಾಲಿನ ವ್ರತವೂ

೧೯೩೪ನೆಯ ಇಸವಿಯ ಫೆಬ್ರವರಿ ತಿಂಗಳ ಕೊನೆಯಲ್ಲಿ ಮಹಾತ್ಮಾ ಗಾಂಧಿಯವರು ಹರಿಜನ ಸೇವೆಯ ನಿಮಿತ್ತ ಕೈಗೊಂಡಿದ್ದ ದೇಶಪರ್ಯಟನದಲ್ಲಿ ಮಂಗಳೂರು, ಉಡುಪಿಗಳ ಮಾರ್ಗವಾಗಿ ಕುಂದಾಪುರಕ್ಕೆ ಬಂದಿದ್ದರು. ಅಂದು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ಸೀಮೆಯು ಇಂದು ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಹಂಚಿಹೋಗಿದೆ. ಆಗ ಮಹಾತ್ಮರಿಗೆ ಅರುವತ್ತನಾಲ್ಕು ವರ್ಷ. ಆ ಒಂದೇ ಪರ್ಯಟನದಲ್ಲಿ ಸುಮಾರು ೧೨,೫೦೦ ಮೈಲುಗಳನ್ನು ಕ್ರಮಿಸಿದ ಆ ವೃದ್ಧರ ನಿತ್ಯಾಹಾರದಲ್ಲಿ ಆಡಿನ ಹಾಲು ಸೇರಿತ್ತು. ಅದನ್ನು ಅವರ ಒಂದು ವಿಚಿತ್ರ ಅಭ್ಯಾಸವೆಂದು ಎಣಿಸಿದವರೇ ಬಹಳ. ಅದರ ಹಿಂದೆ ಒಂದು ವ್ರತಭಂಗದ ವ್ಯಥೆಯಿತ್ತೆಂಬುದನ್ನು ಬಲ್ಲವರು ವಿರಳ.

ಈ ಹಳೆಯ ವೃತ್ತಾಂತವನ್ನು ನಾವು ಇಂದು ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಮೀನು ಮಾಂಸಗಳನ್ನಲ್ಲದೆ ಹಾಲು, ಮೊಸರು, ತುಪ್ಪಗಳನ್ನೂ ವರ್ಜಿಸಿ, ಕೇವಲ ಸಸ್ಯಜನ್ಯ ಪದಾರ್ಥಗಳಿಂದ ಜೀವಿಸಬೇಕೆಂಬ ವೀಗನ್ ಮಾರ್ಗವು ನಮ್ಮ ತರುಣರಲ್ಲಿ ಕೆಲವರ ಮನಸ್ಸನ್ನು ಸೆಳೆಯುತ್ತಿದೆ. ಹಾಗೆ ಮಾಡಿದರೆ ಕಣ್ಣು ಮಂಜಾದೀತು, ಮೈ ಸೋತೀತು ಎಂದು ಹಿರಿಯರು ಅಂಜುತ್ತಾರೆ. ಅದು ಬರಿಯ ಭ್ರಮೆಯೆಂದು ಕಿರಿಯರು ತಳ್ಳಿಹಾಕುತ್ತಾರೆ. ವಾದವನ್ನು ಬಿಟ್ಟು ತನ್ನ ದೇಹವನ್ನೇ ಒರೆಗಲ್ಲಾಗಿ ಮಾಡಿಕೊಂಡ ಒಬ್ಬರ ಜೀವಿತವು ನಮ್ಮೆದುರಿಗಿರುವಾಗ, ಅದನ್ನು ಮೊದಲು ಪರಿಶೀಲಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

೧೮೬೯ರಲ್ಲಿ ಪೋರಬಂದರಿನ ವೈಷ್ಣವ ಕುಟುಂಬವೊಂದರಲ್ಲಿ ಜನಿಸಿದ ಮೋಹನದಾಸರು ೧೮೮೮ರಲ್ಲಿ ನ್ಯಾಯಶಾಸ್ತ್ರದ ಅಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೊರಟಾಗ, ಮಾಂಸವನ್ನು ಮುಟ್ಟೆನೆಂದು ತಾಯಿಗೆ ವಚನವಿತ್ತರು. ಲಂಡನ್ನಿನಲ್ಲಿ ಹಲವು ದಿನ ಅರೆಹೊಟ್ಟೆಯಲ್ಲಿದ್ದ ಆ ಯುವಕನಿಗೆ ಸಸ್ಯಾಹಾರದ ಉಪಾಹಾರಗೃಹವೂ, ಹೆನ್ರಿ ಸಾಲ್ಟ್ ಎಂಬವರ ಗ್ರಂಥವೂ ಒಟ್ಟಿಗೇ ದೊರೆತವು. ಅದುವರೆಗೆ ಮಾತಿಗಾಗಿ ಪಾಲಿಸುತ್ತಿದ್ದ ನಿಯಮವು ಅಂದಿನಿಂದ ಬುದ್ಧಿಯೊಪ್ಪಿದ ಧರ್ಮವಾಯಿತು. ಮೊಟ್ಟೆಯು ಮಾಂಸವೇ ಅಲ್ಲವೇ ಎಂಬ ಚರ್ಚೆಯಲ್ಲಿ, ವಚನವನ್ನು ಪಡೆದ ತಾಯಿಯ ಅರ್ಥವೇ ತನಗೆ ಪ್ರಮಾಣವೆಂದು ಅವರು ನಿಶ್ಚಯಿಸಿ ಮೊಟ್ಟೆಯನ್ನೂ ಬಿಟ್ಟರು. ವ್ರತದ ವಿಷಯದಲ್ಲಿ ಅವರ ಈ ಕಟ್ಟುನಿಟ್ಟನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ದಕ್ಷಿಣ ಆಫ್ರಿಕದಲ್ಲಿರುವಾಗ ಹಾಲಿನ ಪ್ರಶ್ನೆಯು ಅವರನ್ನು ಕಾಡಿತು. ಹಾಲು ಇಂದ್ರಿಯಗಳನ್ನು ಉದ್ರೇಕಿಸುತ್ತದೆಂಬ ಅಭಿಪ್ರಾಯವು ಮೊದಲೇ ಅವರಲ್ಲಿ ಬೇರೂರಿತ್ತು. ಕಲ್ಕತ್ತೆಯಲ್ಲಿ ಕೊನೆಯ ತೊಟ್ಟನ್ನೂ ಹಿಂಡುವುದಕ್ಕಾಗಿ ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ವೃತ್ತಾಂತವನ್ನೋದಿದಾಗ ಅವರ ಸಂಕಲ್ಪವು ಪಕ್ವವಾಯಿತು. ೧೯೧೨ರಲ್ಲಿ ಟಾಲ್‌ಸ್ಟಾಯ್ ಆಶ್ರಮದಲ್ಲಿ ಮಿತ್ರರಾದ ಕ್ಯಾಲನ್‌ಬಾಕ್ ಅವರೊಡಗೂಡಿ ಹಾಲನ್ನು ತ್ಯಜಿಸಿದರು. ಹಸಿಯ ನೆಲಗಡಲೆ, ಬಾಳೆಹಣ್ಣು, ಖರ್ಜೂರ, ಲಿಂಬೆ, ಆಲಿವ್ ಎಣ್ಣೆ ಇವು ಅವರ ಆಹಾರವಾದವು. ವೀಗನ್ ಎಂಬ ಶಬ್ದವು ಹುಟ್ಟುವುದಕ್ಕೆ ಮೂವತ್ತೆರಡು ವರ್ಷಗಳ ಹಿಂದೆಯೇ ಅವರು ಆ ಬಾಳನ್ನು ಬಾಳತೊಡಗಿದ್ದರು.

ಪರೀಕ್ಷೆಯು ತಡವಾಗಲಿಲ್ಲ. ೧೯೧೪ರಲ್ಲಿ ಲಂಡನ್ನಿನಲ್ಲಿ ಪಕ್ಕೆಯ ಉರಿಯೂತದಿಂದ ಮಲಗಿದಾಗ ಡಾಕ್ಟರ್ ಜೀವರಾಜ ಮೆಹತಾ ಅವರೂ, ಗುರುಸ್ಥಾನದಲ್ಲಿದ್ದ ಗೋಖಲೆಯವರೂ ಹಾಲು ಸೇವಿಸಬೇಕೆಂದು ಒತ್ತಾಯಪಡಿಸಿದರು. ಇವರು ಕೇಳಲಿಲ್ಲ. ೧೯೧೮ರಲ್ಲಿ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ ಅಲೆಯುತ್ತ ನೆಲಗಡಲೆ, ಲಿಂಬೆಗಳ ಮೇಲೆಯೇ ಹೆಚ್ಚಾಗಿ ದಿನ ಕಳೆಯುತ್ತಿದ್ದಾಗ ಘೋರವಾದ ಆಮಶಂಕೆಯು ತಾಗಿತು. ಈ ರೋಗವು ಹಾಲು ಬಿಟ್ಟುದರಿಂದಲೇ ಬಂದಿತೆಂದು ಹೇಳಿದರೆ ನ್ಯಾಯವಾಗದು. ಅತಿಶ್ರಮ, ಅಪಥ್ಯಗಳೂ ಅಲ್ಲಿದ್ದವು. ಆದರೆ ಒಮ್ಮೆ ಬಿದ್ದ ದೇಹವು ಮೇಲೇಳಲಿಲ್ಲವೆಂಬುದು ನಿಜ. ತಿಂಗಳುಗಳು ಕಳೆದರೂ ಶಕ್ತಿ ಮರಳಲಿಲ್ಲ. ಮರಣವು ಸಮೀಪಿಸಿತೆಂದೇ ಅವರು ಒಮ್ಮೆ ಭಾವಿಸಿದ್ದರು.

೧೯೧೯ರ ಆರಂಭದಲ್ಲಿ ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರ್ ದಲಾಲರು, ಹಾಲಿಲ್ಲದೆ ಈ ಶರೀರವನ್ನು ಕಟ್ಟುವುದಾಗದೆಂದು ಸ್ಪಷ್ಟವಾಗಿ ತಿಳಿಸಿದರು. ಆಗ ಕಸ್ತೂರಬಾ ಅವರು ಒಂದು ದಾರಿ ತೋರಿದರು: ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳ ಹಾಲಲ್ಲವೆ, ಆಡಿನ ಹಾಲಿಗೆ ಏನು ಅಡ್ಡಿ? ಸತ್ಯಾಗ್ರಹವನ್ನು ಹೂಡುವುದಕ್ಕಾಗಿ ಬದುಕಬೇಕೆಂಬ ಆಸೆಯು ಪ್ರಬಲವಾಗಿದ್ದುದರಿಂದ ಅವರು ಒಪ್ಪಿದರು. ದೇಹವು ಚೇತರಿಸಿತು, ಅದೇ ಏಪ್ರಿಲಿನಲ್ಲಿ ರೌಲತ್ ಕಾಯಿದೆಯ ವಿರುದ್ಧ ದೇಶವೇ ಎದ್ದುನಿಂತಿತು. ಆದರೂ ವ್ರತದ ಅಕ್ಷರವನ್ನು ಉಳಿಸಿ ಆತ್ಮವನ್ನು ಕೊಂದೆನೆಂಬ ಕೊರಗು ಅವರನ್ನು ಕಡೆಯವರೆಗೂ ಬಿಡಲಿಲ್ಲ. ಆ ಕೊರಗನ್ನು ಅವರು ಮುಚ್ಚಿಡದೆ ಆತ್ಮಕಥೆಯಲ್ಲಿ ಬರೆದಿಟ್ಟರು.

೧೯೨೭ರಲ್ಲಿ ಪ್ರವಾಸದ ನಡುವೆ ಆರೋಗ್ಯ ಕೆಟ್ಟು ಅವರು ನಮ್ಮ ನಂದಿಬೆಟ್ಟದಲ್ಲಿ ವಿಶ್ರಮಿಸಿದರು. ಪ್ರಯೋಗಬುದ್ಧಿಯು ಮಾತ್ರ ವಿಶ್ರಮಿಸಲಿಲ್ಲ. ೧೯೨೯ರಲ್ಲಿ ಬೇಯಿಸದ ಧಾನ್ಯ, ಸೊಪ್ಪುಗಳಿಂದಲೇ ಜೀವಿಸುವ ಪ್ರಯತ್ನ ಮಾಡಿ, ಮತ್ತೆ ಆಮಶಂಕೆ ತಗಲಲಾಗಿ ಸೋಲನ್ನು ಬಹಿರಂಗವಾಗಿ ಒಪ್ಪಿಕೊಂಡರು. ೧೯೪೨ರಲ್ಲಿ ಆಗಾಖಾನ್ ಅರಮನೆಯ ಬಂಧನದಲ್ಲಿದ್ದು ಆರೋಗ್ಯವನ್ನು ಕುರಿತು ಬರೆದಾಗಲೂ, ಹಾಲಿಗೆ ಸರಿಸಮವಾದ ಸಸ್ಯವಸ್ತುವು ತಮಗೆ ದೊರೆಯಲಿಲ್ಲವೆಂಬುದನ್ನು ಮರೆಮಾಚಲಿಲ್ಲ. ತಮ್ಮ ಇಷ್ಟಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ತಾವೇ ಲೋಕದ ಮುಂದಿಟ್ಟ ಈ ಪ್ರಾಮಾಣಿಕತೆಯೇ ಅವರ ಆಹಾರ ಪ್ರಯೋಗಗಳ ನಿಜವಾದ ಫಲವೆಂದು ನಮ್ಮ ಮತ.

ಅವರಿಗೆ ದೊರೆಯದೆ ಹೋದ ಉತ್ತರದ ಒಂದು ಮುಖ್ಯ ಭಾಗವು ಅವರು ಹುತಾತ್ಮರಾದ ೧೯೪೮ರಲ್ಲಿಯೇ ವಿಜ್ಞಾನಿಗಳ ಕೈಗೆ ಸಿಕ್ಕಿತು. ಅದೇ ಬಿ-೧೨ ಎಂಬ ಜೀವಸತ್ವ. ಇದನ್ನು ಸೃಷ್ಟಿಸುವವು ಸೂಕ್ಷ್ಮಜೀವಿಗಳು. ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿ ಇದುಂಟು, ಕಾಯಿಪಲ್ಯ ಧಾನ್ಯಗಳಲ್ಲಿ ಇಲ್ಲವೆಂದೇ ಹೇಳಬೇಕು. ವಯಸ್ಕನಿಗೆ ದಿನಕ್ಕೆ ಬೇಕಾದುದು ಸುಮಾರು ಎರಡೂವರೆ ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷ ಭಾಗಗಳಲ್ಲಿ ಎರಡೂವರೆ ಭಾಗ. ಯಕೃತ್ತಿನಲ್ಲಿ ಇದರ ಸಂಗ್ರಹವು ಕೆಲವು ವರ್ಷಗಳಿಗೆ ಸಾಕಾಗುವಷ್ಟಿರುವುದರಿಂದ ಹಾಲು ಬಿಟ್ಟೊಡನೆ ಕೇಡು ತೋರುವುದಿಲ್ಲ. ಸಂಗ್ರಹವು ಮುಗಿದ ಮೇಲೆ ರಕ್ತಹೀನತೆಯೂ, ಕೈಕಾಲುಗಳ ಜೋಮೂ, ನರಗಳ ದೌರ್ಬಲ್ಯವೂ ತಲೆದೋರುತ್ತವೆ. ಕೆಲವರಲ್ಲಿ ಕಣ್ಣಿನ ನರವೇ ಕ್ಷೀಣಿಸಿ ದೃಷ್ಟಿಯು ಮೆಲ್ಲನೆ ಮಂಕಾಗುವುದುಂಟು.

ಕಣ್ಣಿಗೆ ಸಂಬಂಧಿಸಿದ ಇನ್ನೊಂದು ವಸ್ತು ಎ ಜೀವಸತ್ವ. ಇದರ ಕೊರತೆಯಿಂದ ಇರುಳುಗಣ್ಣು ಬರುತ್ತದೆ. ಮಕ್ಕಳನ್ನು ಈ ಕುರುಡುತನದಿಂದ ಕಾಪಾಡಲು ೧೯೭೦ರಲ್ಲಿ ಭಾರತ ಸರಕಾರವು ಈ ಜೀವಸತ್ವವನ್ನು ಹಂಚುವ ಯೋಜನೆಯನ್ನೇ ಆರಂಭಿಸಬೇಕಾಯಿತು. ಸಿದ್ಧರೂಪದಲ್ಲಿ ಇದು ಹಾಲು, ಬೆಣ್ಣೆ, ಮೀನಿನ ಯಕೃತ್ತುಗಳಲ್ಲಿದೆ. ಆದರೆ ನಮ್ಮ ಹಿತ್ತಿಲ ಹರಿವೆ, ನುಗ್ಗೆಸೊಪ್ಪು, ಸಿಹಿಗುಂಬಳ, ಪಪ್ಪಾಯಿ, ಮಾವಿನಹಣ್ಣುಗಳಲ್ಲಿರುವ ಕ್ಯಾರೋಟಿನ್ ಎಂಬ ವರ್ಣವಸ್ತುವನ್ನು ದೇಹವೇ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳಬಲ್ಲದು. ಅದು ರಕ್ತಕ್ಕೆ ಸೇರಲು ಊಟದಲ್ಲಿ ಸ್ವಲ್ಪ ಎಣ್ಣೆಯಿರಬೇಕಷ್ಟೆ. ತೆಂಗಿನ ನಾಡಾದ ನಮಗೆ ಇದು ದುರ್ಲಭವಲ್ಲ. ಇನ್ನು ಮಹಾತ್ಮರ ದುಂಡು ಕನ್ನಡಕವನ್ನು ತೋರಿಸಿ ಹಾಲು ಬಿಟ್ಟುದರ ಫಲವಿದೆಂದು ವಾದಿಸುವವರಿದ್ದರೆ ಅದು ಸಲ್ಲದು. ದೃಷ್ಟಿದೋಷಕ್ಕೆ ಹಾಕುವ ಕನ್ನಡಕವು ಸಾಮಾನ್ಯವಾಗಿ ಕಣ್ಣುಗುಡ್ಡೆಯ ಆಕಾರಕ್ಕೂ, ವಯಸ್ಸಿನಿಂದ ಗಡುಸಾಗುವ ಮಸೂರಕ್ಕೂ ಸಂಬಂಧಪಟ್ಟುದು.

ಇಂಗ್ಲೆಂಡಿನಲ್ಲಿ ಸಹಸ್ರಾರು ಜನರನ್ನು ಬಹುವರ್ಷ ಅವಲೋಕಿಸಿದ ಆಕ್ಸ್‌ಫರ್ಡಿನ ವಿದ್ವಾಂಸರು ೨೦೧೧ರಲ್ಲಿ, ಶುದ್ಧ ಸಸ್ಯಾಹಾರಿಗಳಲ್ಲಿ ಕಣ್ಣಿನ ಪೊರೆಯು ಹೆಚ್ಚು ಮಾಂಸ ತಿನ್ನುವವರಿಗಿಂತ ಕಡಿಮೆಯೆಂದು ಪ್ರಕಟಿಸಿದರು. ಅದೇ ಅವಲೋಕನದಿಂದ ೨೦೨೦ರಲ್ಲಿ, ಅವರಲ್ಲಿ ಎಲುಬು ಮುರಿಯುವ ಸಂಭವವು ಮಾಂಸಾಹಾರಿಗಳಿಗಿಂತ ಶೇಕಡಾ ೪೩ರಷ್ಟು ಅಧಿಕವೆಂದೂ ತಿಳಿದುಬಂದಿತು. ಅವಲೋಕನವು ಕಾರಣವನ್ನು ನಿರ್ಧರಿಸಲಾರದಾದರೂ, ಲಾಭನಷ್ಟಗಳೆರಡೂ ಇರಬಹುದೆಂಬ ಎಚ್ಚರಿಕೆಯು ಇದರಲ್ಲಿದೆ.

ಆದುದರಿಂದ ಹಾಲು ಬಿಟ್ಟವನ ಕಣ್ಣು ಹೋಗುವುದೆಂಬ ಭಯವೂ, ಏನೂ ಆಗದೆಂಬ ಧೈರ್ಯವೂ ಎರಡೂ ಅತಿರೇಕಗಳು. ದಯೆಯಿಂದ ಪ್ರೇರಿತರಾಗಿ ಈ ಮಾರ್ಗ ಹಿಡಿಯುವ ತರುಣರನ್ನು ನಾವು ಗೇಲಿಮಾಡುವುದಿಲ್ಲ. ಆದರೆ ತೆಂಗಿನಕಾಯಿ ಹಾಲು ಹಸುವಿನ ಹಾಲಿಗೆ ಬದಲಾಗದು. ಹುಳಿಬಂದ ದೋಸೆಹಿಟ್ಟನ್ನು ನಂಬಿ ಬಿ-೧೨ರ ಚಿಂತೆ ಬಿಡಲಾಗದು. ಅವರು ಆ ಜೀವಸತ್ವದ ಗುಳಿಗೆಯನ್ನು ವೈದ್ಯರ ಸಲಹೆಯಂತೆ ಕ್ರಮವಾಗಿ ಸೇವಿಸಲಿ. ರಾಗಿ, ಎಳ್ಳು, ಬೇಳೆಕಾಳುಗಳನ್ನು ಮರೆಯದಿರಲಿ. ರಕ್ತವನ್ನು ಆಗಾಗ ಪರೀಕ್ಷೆ ಮಾಡಿಸಲಿ. ಗರ್ಭಿಣಿಯರ ಹಾಗೂ ಎಳೆಯ ಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳದೆ ಯಾರೂ ಈ ಪ್ರಯೋಗಕ್ಕೆ ಕೈಹಾಕಬಾರದು.

ಮಹಾತ್ಮರ ಕಾಲದಲ್ಲಿ ವ್ರತ ಬೇಕೆ ಪ್ರಾಣ ಬೇಕೆ ಎಂಬಲ್ಲಿಗೆ ಬಂದು ನಿಂತಿದ್ದ ಪ್ರಶ್ನೆಯು ಇಂದು ಒಂದು ಸಣ್ಣ ಗುಳಿಗೆಯಿಂದ ಬಹುಮಟ್ಟಿಗೆ ಪರಿಹಾರವಾಗುವಂತಿದೆ. ಅದನ್ನು ಹಟದಿಂದ ನಿರಾಕರಿಸುವವರು ಅವರ ವ್ರತವನ್ನು ಅನುಸರಿಸಿದರೂ ಅವರ ಸತ್ಯನಿಷ್ಠೆಯನ್ನು ಅನುಸರಿಸಿದಂತಾಗುವುದಿಲ್ಲ.