ಬುಡಕಟ್ಟು ಜನರ ಮಾತಿಗೆ ಕಿವಿಗೊಟ್ಟ ಫಾದರ್ ಲೀವೆನ್ಸ್

ಬಳ್ಳಾರಿಯ ಕಾಲೇಜಿನಲ್ಲಿ ಓದುವ ನಿಮ್ಮ ಮಗನೋ ಮಗಳೋ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರಕ್ಕೆಂದು ಸಿರುಗುಪ್ಪದ ಕಡೆಗೋ ಕುರುಗೋಡಿನ ಕಡೆಗೋ ಹಾಸಿಗೆ ಸುತ್ತಿಕೊಂಡು ಹೊರಟಾಗ ನಿಮಗೊಂದು ಪ್ರಶ್ನೆ ಏಳಬಹುದು: ಇಷ್ಟು ಕಡಿಮೆ ದಿನಗಳಲ್ಲಿ ಇವರಿಂದ ಹಳ್ಳಿಗೆ ಏನಾದೀತು? ಗಾಂಧೀಜಿಯವರ ಜನ್ಮಶತಮಾನೋತ್ಸವದ ಹೊತ್ತಿನಲ್ಲಿ, 1969ರಲ್ಲಿ, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳಿಂದ ಆರಂಭವಾದ ಯೋಜನೆಯಿದು. ನಿಮ್ಮ ಪ್ರಶ್ನೆಗೆ ಉತ್ತರ ಬೇಕಿದ್ದರೆ, ಕಾಲೇಜು ಬಿಟ್ಟು ಹಳ್ಳಿಗೆ ಹೋದ ಒಬ್ಬ ಯುವ ಗುರುವಿನ ಬದುಕನ್ನು ನೋಡಿ.

ಕಾನ್‌ಸ್ಟಂಟ್ ಲೀವೆನ್ಸ್ 1856ರ ಏಪ್ರಿಲ್ 11ರಂದು ಬೆಲ್ಜಿಯಂ ದೇಶದ ರೈತ ಮನೆತನದಲ್ಲಿ ಹುಟ್ಟಿದರು. ಯೇಸುಸಭೆ ಸೇರಿ 1880ರಲ್ಲಿ ಕಲ್ಕತ್ತಕ್ಕೆ ಬಂದರು. 1883ರಲ್ಲಿ ಗುರುದೀಕ್ಷೆ ಪಡೆದು ಅಲ್ಲಿನ ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಪಾಠ ಹೇಳಿದರು. 1885ರಲ್ಲಿ ಅವರನ್ನು ಛೋಟಾನಾಗಪುರದ ಕಾಡುಸೀಮೆಗೆ, ಮುಂಡಾ ಮತ್ತು ಉರಾಂವ್ ಜನರ ನಡುವೆ ಕಳುಹಿಸಲಾಯಿತು.

ತೋರ್ಪಾ ಎಂಬ ಊರಿನಲ್ಲಿ ನೆಲೆನಿಂತ ಅವರು ಮೊದಲು ಮಾಡಿದ ಕೆಲಸ ಜನರ ಭಾಷೆ ಕಲಿತು ಅವರ ಗೋಳು ಕೇಳಿದ್ದು. ಕಾಡು ಕಡಿದು ಹೊಲ ಮಾಡಿದವರು ಆ ಜನರ ಪೂರ್ವಿಕರು. ಆದರೆ ಗೇಣಿ ಏರಿಸುತ್ತಿದ್ದವರು ಜಮೀನ್ದಾರರು. ಮೇಲೆ ಬಿಟ್ಟಿ ಚಾಕರಿ ಬೇರೆ. ಓದು ಬರಹ ಬಾರದವರಿಗೆ ಕೋರ್ಟಿನಲ್ಲಿ ಗೆಲುವೆಲ್ಲಿ? ಲೀವೆನ್ಸರು ಭೂಮಿಯ ಕಾನೂನನ್ನೂ ಹಳ್ಳಿಯ ಪದ್ಧತಿಯನ್ನೂ ಅಭ್ಯಾಸ ಮಾಡಿದರು. ನ್ಯಾಯವಾದ ಗೇಣಿಯನ್ನು ಸಲ್ಲಿಸಿ, ಅನ್ಯಾಯದ ಚಾಕರಿಗೆ ಒಪ್ಪಬೇಡಿ ಎಂದು ತಿಳಿಹೇಳಿದರು. ವ್ಯಾಜ್ಯಗಳಲ್ಲಿ ಅವರ ಬೆನ್ನಿಗೆ ನಿಂತರು. ಕುದುರೆಯೇರಿ ಊರೂರು ಸುತ್ತಿದರು, ಶಾಲೆಗಳನ್ನು ತೆರೆದರು.

ಸಾವಿರಾರು ಕುಟುಂಬಗಳು ಧರ್ಮಸಭೆ ಸೇರಿದವು. ಜಮೀನ್ದಾರರಿಗೆ ಇದು ಸಹನೆಯಾಗಲಿಲ್ಲ. ಸರಕಾರದ ಅಧಿಕಾರಿಗಳೂ ಅವರನ್ನು ಸಂಶಯದಿಂದ ಕಂಡರು. ಕಷ್ಟ ಬಂದಾಗ ಕೆಲವರು ಹಿಂದೆ ಸರಿದದ್ದೂ ಉಂಟು. ಅಷ್ಟರಲ್ಲಿ ಕ್ಷಯರೋಗ ಅವರ ಮೈಯನ್ನು ಹಿಡಿದಿತ್ತು. 1892ರಲ್ಲಿ ತಾಯ್ನಾಡಿಗೆ ಮರಳಿದ ಅವರು 1893ರ ನವೆಂಬರ್ 7ರಂದು ಲೂವೆನ್ ನಗರದಲ್ಲಿ ತೀರಿಕೊಂಡರು. ವಯಸ್ಸು ಕೇವಲ 37. ಬುಡಕಟ್ಟು ಜನರ ನಡುವೆ ದುಡಿದದ್ದು ಏಳು ವರ್ಷ ಮಾತ್ರ.

ಆದರೆ ಬಿತ್ತಿದ್ದು ಒಣಗಲಿಲ್ಲ. ಬಿರ್ಸಾ ಮುಂಡಾ ಅವರ ದಂಗೆಯ ನಂತರ, 1908ರಲ್ಲಿ ಬುಡಕಟ್ಟಿನವರ ಭೂಮಿಗೆ ರಕ್ಷಣೆ ಕೊಡುವ ಗೇಣಿ ಕಾಯ್ದೆ ಬಂತು. ಮರುವರ್ಷ ಯೇಸುಸಭೆಯ ಫಾದರ್ ಹಾಫ್‌ಮನ್ ಅಲ್ಲಿ ಸಹಕಾರಿ ಸಾಲ ಸಂಘ ಕಟ್ಟಿ, ಜನರನ್ನು ಬಡ್ಡಿ ವ್ಯಾಪಾರಿಗಳ ಹಿಡಿತದಿಂದ ಬಿಡಿಸಲು ದುಡಿದರು. 1993ರಲ್ಲಿ ಲೀವೆನ್ಸರ ಅವಶೇಷಗಳನ್ನು ರಾಂಚಿಗೆ ತರಲಾಯಿತು.

ತಂದೆತಾಯಿಗಳೇ, ಶಿಬಿರದಿಂದ ಮರಳಿದ ಮಕ್ಕಳನ್ನು ಎಷ್ಟು ರಸ್ತೆ ಗುಡಿಸಿದಿರಿ ಎಂದು ಕೇಳಿ ಸುಮ್ಮನಾಗಬೇಡಿ. ಯಾರ ಮನೆಯ ಜಗಲಿಯಲ್ಲಿ ಕುಳಿತಿರಿ, ಕೂಲಿಯವರು ಏನು ಹೇಳಿಕೊಂಡರು, ಯಾರಿಗೆ ಅರ್ಜಿ ಬರೆದುಕೊಡಬೇಕಿದೆ ಎಂದು ಕೇಳಿ. ಏಳು ದಿನದಲ್ಲಿ ಹಳ್ಳಿ ಬದಲಾಗದೆ ಇರಬಹುದು. ಆದರೆ ಒಬ್ಬ ಬಡವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲು ಆ ದಿನಗಳು ಸಾಕು. ಲೀವೆನ್ಸರ ಸೇವೆ ಶುರುವಾದದ್ದೂ ಅಲ್ಲಿಂದಲೇ.