ಆಸ್ಕರ್ ಫಿಶಿಂಗರ್

ಆಸ್ಕರ್ ಫಿಶಿಂಗರ್ (ಜೂನ್ 22, 1900 – ಜನವರಿ 31, 1967) ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅನಿಮೇಷನ್ ಚಿತ್ರ ನಿರ್ಮಾಪಕ ಹಾಗೂ ವರ್ಣಚಿತ್ರಕಾರ. ಕಥೆಯಾಗಲಿ ಪಾತ್ರಗಳಾಗಲಿ ಇಲ್ಲದೆ, ಕೇವಲ ಆಕಾರ, ಬಣ್ಣ ಮತ್ತು ಚಲನೆಯನ್ನು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದೊಂದಿಗೆ ಹೊಂದಿಸಿದ ಕಿರುಚಿತ್ರಗಳಿಗಾಗಿ ಅವರು ಪ್ರಸಿದ್ಧರು. ಬ್ರಾಮ್ಸ್, ಲಿಸ್ಟ್, ಬಾಖ್ ಮೊದಲಾದವರ ಕೃತಿಗಳನ್ನು ಅವರು ತಮ್ಮ ಚಿತ್ರಗಳಿಗೆ ಬಳಸಿಕೊಂಡರು. ವಾಲ್ಟ್ ಡಿಸ್ನಿಯವರ 'ಫ್ಯಾಂಟೇಸಿಯಾ' (1940) ಚಿತ್ರದ ಆರಂಭಿಕ ಭಾಗಕ್ಕೆ ಅವರು ವಿನ್ಯಾಸಗಳನ್ನು ರಚಿಸಿದರೂ ಚಿತ್ರದಲ್ಲಿ ಅವರ ಹೆಸರಿಲ್ಲ.

ಆರಂಭಿಕ ಜೀವನ

ಫಿಶಿಂಗರ್ ಅವರು ಫ್ರಾಂಕ್‌ಫರ್ಟ್ ನಗರಕ್ಕೆ ಸಮೀಪದ ಗೆಲ್ನ್‌ಹೌಸೆನ್ ಎಂಬ ಊರಿನಲ್ಲಿ ಜನಿಸಿದರು. ಶಾಲೆ ಮುಗಿದ ನಂತರ ಆರ್ಗನ್ ವಾದ್ಯಗಳನ್ನು ತಯಾರಿಸುವ ಸಂಸ್ಥೆಯೊಂದರಲ್ಲಿ ಕೆಲಸ ಕಲಿಯಲು ಸೇರಿದರು. ಮೊದಲ ಮಹಾಯುದ್ಧದಿಂದಾಗಿ ಆ ಕಲಿಕೆ ನಿಂತುಹೋಯಿತು. ಬಳಿಕ ವಾಸ್ತುಶಿಲ್ಪಿಯೊಬ್ಬರ ಕಚೇರಿಯಲ್ಲಿ ನಕ್ಷೆಗಾರರಾಗಿ ದುಡಿದರು. ಅನಾರೋಗ್ಯದ ಕಾರಣ ಸೈನ್ಯಕ್ಕೆ ಅವರ ಆಯ್ಕೆಯಾಗಲಿಲ್ಲ. ಯುದ್ಧಾನಂತರ ಫ್ರಾಂಕ್‌ಫರ್ಟ್‌ನಲ್ಲಿ ಯಂತ್ರಶಾಸ್ತ್ರದ ತರಬೇತಿ ಪಡೆದರು. ಸಂಗೀತ, ರೇಖೆ ಮತ್ತು ಯಂತ್ರ ಈ ಮೂರರ ಪರಿಚಯವೂ ಹೀಗೆ ಚಿತ್ರರಂಗಕ್ಕೆ ಬರುವ ಮೊದಲೇ ಅವರಿಗೆ ಆಗಿತ್ತು.

ಫ್ರಾಂಕ್‌ಫರ್ಟ್‌ನ ನಾಟಕ ವಿಮರ್ಶಕ ಬರ್ನ್‌ಹಾರ್ಡ್ ಡೀಬೋಲ್ಡ್ ಅವರ ಪರಿಚಯ ಫಿಶಿಂಗರ್ ಬದುಕಿನ ದಿಕ್ಕನ್ನು ಬದಲಿಸಿತು. ಸಿನಿಮಾ ಕಣ್ಣಿಗೆ ಕಾಣುವ ಸಂಗೀತವಾಗಬೇಕು ಎಂಬುದು ಡೀಬೋಲ್ಡ್ ಅವರ ವಾದವಾಗಿತ್ತು. 1921ರಲ್ಲಿ ವಾಲ್ಟರ್ ರುಟ್‌ಮನ್ ಅವರ ಅಮೂರ್ತ ಚಿತ್ರವೊಂದನ್ನು ಕಂಡ ಫಿಶಿಂಗರ್ ತಾವೂ ಅದೇ ಮಾರ್ಗದಲ್ಲಿ ಸಾಗಲು ನಿರ್ಧರಿಸಿದರು. ಅವರ ಮೊದಲ ಕೊಡುಗೆ ಒಂದು ಯಂತ್ರ. ಬಣ್ಣಬಣ್ಣದ ಮೇಣವನ್ನು ಬೇಕಾದ ರೀತಿಯಲ್ಲಿ ಗಟ್ಟಿಯಾಗಿ ಅಚ್ಚುಹಾಕಿ, ಹರಿತವಾದ ಅಲಗಿನಿಂದ ತೆಳುವಾಗಿ ಕೊಯ್ಯುತ್ತ ಹೋದರೆ ಪ್ರತಿ ಕೊಯ್ತದಲ್ಲಿಯೂ ಒಳಗಿನ ಆಕೃತಿ ಸ್ವಲ್ಪ ಬದಲಾಗಿ ಕಾಣುತ್ತದೆ. ಅಲಗಿನ ಚಲನೆಗೆ ಕ್ಯಾಮೆರಾವನ್ನು ಜೋಡಿಸಿ ಪ್ರತಿ ಕೊಯ್ತಕ್ಕೊಂದು ಫ್ರೇಮ್ ತೆಗೆಯುವುದು ಈ ಯಂತ್ರದ ಕೆಲಸ. ರುಟ್‌ಮನ್ ಇದರ ಬಳಕೆಯ ಹಕ್ಕನ್ನು ಪಡೆದರು. ಲೊಟ್ಟೆ ರೈನಿಗರ್ ಅವರ ಪ್ರಸಿದ್ಧ ನೆರಳುಚಿತ್ರ 'ರಾಜಕುಮಾರ ಅಹ್ಮದನ ಸಾಹಸಗಳು' (1926) ಚಿತ್ರದ ಕೆಲವು ಮಾಂತ್ರಿಕ ದೃಶ್ಯಗಳು ಇದರಿಂದಲೇ ಮೂಡಿದವು.

1922ರಿಂದ ಫಿಶಿಂಗರ್ ಮ್ಯೂನಿಕ್‌ನಲ್ಲಿದ್ದರು. ಅಲ್ಲಿ ಹಲವು ಪ್ರೊಜೆಕ್ಟರ್‌ಗಳನ್ನು ಒಟ್ಟಿಗೆ ಬಳಸಿ ಪ್ರದರ್ಶನಗಳನ್ನು ನಡೆಸಿದರು. ಆದರೆ ವ್ಯವಹಾರ ಕೈಹಿಡಿಯದೆ ಸಾಲಗಾರರಾದರು. 1927ರಲ್ಲಿ ಅವರು ಮ್ಯೂನಿಕ್ ತೊರೆದು ಬರ್ಲಿನ್‌ಗೆ ಕಾಲ್ನಡಿಗೆಯಲ್ಲೇ ಹೊರಟರು. ಬೆನ್ನ ಮೇಲೆ ಹೊತ್ತ ಕ್ಯಾಮೆರಾದಲ್ಲಿ ದಾರಿಯ ರೈತರು, ಹೊಲಗಳು, ಮೋಡಗಳು, ಹಳ್ಳಿಗಳನ್ನು ಒಂದೊಂದೇ ಫ್ರೇಮಿನಂತೆ ಸೆರೆಹಿಡಿದರು. ವಾರಗಟ್ಟಲೆ ನಡೆದ ಆ ಪ್ರಯಾಣ ಪರದೆಯ ಮೇಲೆ ಕೆಲವೇ ನಿಮಿಷಗಳಲ್ಲಿ ಮಿಂಚಿ ಮರೆಯಾಗುತ್ತದೆ.

ಇದ್ದಿಲಿನ 'ಸ್ಟಡಿ'ಗಳು

ಬರ್ಲಿನ್‌ನಲ್ಲಿ ಫಿಶಿಂಗರ್ ಅವರಿಗೆ ಫ್ರಿಟ್ಸ್ ಲಾಂಗ್ ನಿರ್ದೇಶನದ 'ಚಂದ್ರನಲ್ಲಿ ಮಹಿಳೆ' (1929) ಚಿತ್ರದ ರಾಕೆಟ್ ದೃಶ್ಯಗಳಿಗೆ ವಿಶೇಷ ಪರಿಣಾಮಗಳನ್ನು ರೂಪಿಸುವ ಕೆಲಸ ದೊರೆಯಿತು. ಆ ಸಮಯದಲ್ಲಿ ಕಾಲಿನ ಮೂಳೆ ಮುರಿದು ಆಸ್ಪತ್ರೆ ಸೇರಬೇಕಾಯಿತು. ಹಾಸಿಗೆಯಲ್ಲಿ ಮಲಗಿದ್ದಾಗ ಇದ್ದಿಲಿನಿಂದ ಕಾಗದದ ಮೇಲೆ ಬಿಡಿಸತೊಡಗಿದ ಚಿತ್ರಗಳೇ ಅವರ 'ಸ್ಟಡಿ' ಸರಣಿಯ ಬೀಜವಾದವು.

ಈ ಸರಣಿಯ ವಿಧಾನ ಸರಳ, ಶ್ರಮ ಮಾತ್ರ ಅಪಾರ. ಬಿಳಿ ಕಾಗದದ ಮೇಲೆ ಕಪ್ಪು ಇದ್ದಿಲಿನಲ್ಲಿ ಬಿಡಿಸಿದ ರೇಖೆಗಳನ್ನು ಚಿತ್ರೀಕರಿಸಿ ನೆಗೆಟಿವ್ ಆಗಿಯೇ ತೋರಿಸಿದಾಗ ಕತ್ತಲೆಯಲ್ಲಿ ಬೆಳಕಿನ ಗೀರುಗಳು ಕುಣಿಯುವಂತೆ ಕಾಣುತ್ತವೆ. ಧ್ವನಿಚಿತ್ರಕ್ಕೆ ಸೆಕೆಂಡಿಗೆ 24 ಫ್ರೇಮ್‌ಗಳು ಬೇಕು. ಮೂರು ನಿಮಿಷಗಳ ಒಂದು ಚಿತ್ರಕ್ಕೆ 4,320 ಫ್ರೇಮ್‌ಗಳಾಗುತ್ತವೆ. ಗ್ರಾಮಫೋನ್ ತಟ್ಟೆಯ ಸಂಗೀತವನ್ನು ಮತ್ತೆ ಮತ್ತೆ ಕೇಳಿ, ಪ್ರತಿ ಸ್ವರಗುಚ್ಛಕ್ಕೆ ಎಷ್ಟು ಫ್ರೇಮ್‌ಗಳೆಂದು ಲೆಕ್ಕಹಾಕಿ, ಆ ಲೆಕ್ಕಕ್ಕೆ ಸರಿಯಾಗಿ ರೇಖೆಗಳನ್ನು ಅವರು ಬಿಡಿಸುತ್ತಿದ್ದರು. ಆರಂಭದ ಕೆಲವು ಸ್ಟಡಿಗಳು ಎಲೆಕ್ಟ್ರೋಲಾ ಕಂಪನಿಯ ಧ್ವನಿಮುದ್ರಿಕೆಗಳ ಪ್ರಚಾರಕ್ಕೂ ಬಳಕೆಯಾದವು. ಈ ಕಾರಣದಿಂದ ಇಂದಿನ ಮ್ಯೂಸಿಕ್ ವಿಡಿಯೋಗಳ ಪೂರ್ವಜರ ಸಾಲಿನಲ್ಲಿ ಅವುಗಳನ್ನು ಹೆಸರಿಸುವುದುಂಟು.

ಸರಣಿಯಲ್ಲಿ ಹೆಚ್ಚು ಮೆಚ್ಚುಗೆ ಪಡೆದದ್ದು ಬ್ರಾಮ್ಸ್ ಅವರ ಐದನೆಯ ಹಂಗೇರಿಯನ್ ನೃತ್ಯಕ್ಕೆ ಹೊಂದಿಸಿದ 'ಸ್ಟಡಿ ಸಂಖ್ಯೆ 7' (1931). ಇಲ್ಲಿ ರೇಖೆಗಳು ಪರದೆಯ ಅಗಲದಲ್ಲಿ ಮಾತ್ರ ಸಂಚರಿಸದೆ ಆಳದಿಂದ ನೋಡುಗನ ಕಡೆಗೆ ನುಗ್ಗಿ ಬಂದು ಹೊರಳುತ್ತವೆ. ವಿದ್ಯಾರ್ಥಿಯಾಗಿದ್ದಾಗ ಇದನ್ನು ಕಂಡ ನಾರ್ಮನ್ ಮೆಕ್‌ಲಾರೆನ್ ಅಮೂರ್ತ ಅನಿಮೇಷನ್ ಕಡೆಗೆ ಒಲಿದರು; ಮುಂದೆ ಕೆನಡಾದಲ್ಲಿ ಅವರು ಆ ಕಲೆಯ ದೊಡ್ಡ ಹೆಸರಾದರು. 'ಸ್ಟಡಿ ಸಂಖ್ಯೆ 8'ರ ಕಥೆ ಬೇರೆ. ಪಾಲ್ ಡ್ಯೂಕಾ ಅವರ 'ಮಾಂತ್ರಿಕನ ಶಿಷ್ಯ' ಎಂಬ ವಾದ್ಯವೃಂದ ಕೃತಿಯನ್ನು ಫಿಶಿಂಗರ್ ಆಯ್ದುಕೊಂಡರು. ಕೃತಿಯ ಉಳಿದರ್ಧದ ಹಕ್ಕುಗಳಿಗೆ ಹಣ ಸಾಲದೆ ಚಿತ್ರ ಅಪೂರ್ಣವಾಗಿಯೇ ಉಳಿಯಿತು. ಅದೇ ಸಂಗೀತಕ್ಕೆ ಒಂಬತ್ತು ವರ್ಷಗಳ ನಂತರ ಮಿಕ್ಕಿ ಮೌಸ್ ಹೆಜ್ಜೆ ಹಾಕಿ ಜಗತ್ಪ್ರಸಿದ್ಧನಾದ.

1932ರಲ್ಲಿ ಫಿಶಿಂಗರ್ ತಮ್ಮ ಊರಿನವರೇ ಆದ ಎಲ್ಫ್ರೀಡೆ ಅವರನ್ನು ವಿವಾಹವಾದರು. ಅದೇ ವರ್ಷ ಫಿಲ್ಮಿನ ಧ್ವನಿಪಥದ ಮೇಲೆ ನೇರವಾಗಿ ಅಲಂಕಾರಿಕ ಆಕೃತಿಗಳನ್ನು ಮೂಡಿಸಿ, ಪ್ರೊಜೆಕ್ಟರ್ ಮೂಲಕ ಅವುಗಳಿಂದ ನಾದ ಹೊರಡಿಸುವ ಪ್ರಯೋಗವನ್ನೂ ನಡೆಸಿದರು.

ಬಣ್ಣ ಮತ್ತು ಸರ್ವಾಧಿಕಾರ

ಹಂಗೇರಿ ಮೂಲದ ಬೇಲಾ ಗಾಸ್ಪರ್ ಅಭಿವೃದ್ಧಿಪಡಿಸಿದ ಗಾಸ್ಪರ್‌ಕಲರ್ ವಿಧಾನವನ್ನು ರೂಪಿಸುವಲ್ಲಿ ಫಿಶಿಂಗರ್ ನೆರವಾದರು. ಈ ವಿಧಾನದಲ್ಲಿ ತಯಾರಾದ 'ವೃತ್ತಗಳು' (1933–34) ವಾಗ್ನರ್ ಮತ್ತು ಗ್ರೀಗ್ ಸಂಗೀತಕ್ಕೆ ಹೊಂದಿಸಿದ ಬಣ್ಣದ ಚಿತ್ರ. ಇಷ್ಟರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಿದ್ದರು. ಅಮೂರ್ತ ಕಲೆಯನ್ನು ಅವರು ಅಧಃಪತನದ ಲಕ್ಷಣವೆಂದು ಕಾಣುತ್ತಿದ್ದರು. 'ವೃತ್ತಗಳು' ಹೊರಬಂದದ್ದು ಜಾಹೀರಾತು ಸಂಸ್ಥೆಯೊಂದರ ಪ್ರಚಾರಚಿತ್ರವಾಗಿ. ಸಂಸ್ಥೆ ಸಮಾಜದ ಎಲ್ಲ ವಲಯಗಳನ್ನೂ ತಲುಪುತ್ತದೆ ಎಂಬ ಒಂದು ವಾಕ್ಯ ಕೊನೆಗೆ ಸೇರಿದ್ದರಿಂದ ವೃತ್ತಗಳಿಗೊಂದು ಅರ್ಥ ಸಿಕ್ಕಿತು, ಸೆನ್ಸಾರ್ ಅನುಮತಿಯೂ ದೊರೆಯಿತು. ಮುರಾಟ್ಟಿ ಸಿಗರೇಟುಗಳು ಕವಾಯತು ನಡೆಸುತ್ತ ಕುಣಿಯುವ ಜಾಹೀರಾತು (1934) ಸಾಮಾನ್ಯ ಪ್ರೇಕ್ಷಕರಲ್ಲಿಯೂ ಅವರಿಗೆ ಹೆಸರು ತಂದಿತು. 1935ರ 'ನೀಲಿಯಲ್ಲೊಂದು ರಚನೆ' ಚಿತ್ರದಲ್ಲಿ ಘನಾಕೃತಿಗಳು, ಸಿಲಿಂಡರ್‌ಗಳು ಒಟ್ಟೊ ನಿಕೊಲಾಯ್ ಅವರ 'ವಿಂಡ್ಸರ್‌ನ ಗರತಿಯರು' ಗೀತನಾಟಕದ ಪೂರ್ವವಾದ್ಯಕ್ಕೆ ಚಲಿಸುತ್ತವೆ. ಹಾಲಿವುಡ್‌ನ ಪ್ಯಾರಮೌಂಟ್ ಸಂಸ್ಥೆಯಿಂದ ಆಹ್ವಾನ ಬಂದಾಗ ಫಿಶಿಂಗರ್ ಹಿಂಜರಿಯಲಿಲ್ಲ. 1936ರ ಫೆಬ್ರವರಿಯಲ್ಲಿ ಅವರು ಅಮೆರಿಕ ತಲುಪಿದರು.

ಹಾಲಿವುಡ್

ಪ್ಯಾರಮೌಂಟ್‌ಗಾಗಿ ಸಿದ್ಧಪಡಿಸಿದ ಚಿತ್ರ ಪೂರ್ಣ ಬಣ್ಣಕ್ಕೆಂದೇ ಕಲ್ಪಿಸಿದ್ದು. ಸಂಸ್ಥೆ ಅದನ್ನು ಕಪ್ಪು-ಬಿಳುಪು ಚಿತ್ರವೊಂದರೊಳಗೆ ಸೇರಿಸಲು ಬಯಸಿತು. ಬಣ್ಣವಿಲ್ಲದೆ ಅದಕ್ಕೆ ಜೀವವಿಲ್ಲ ಎಂದು ಫಿಶಿಂಗರ್ ಒಪ್ಪದೆ ಹೊರಬಂದರು. ವರ್ಷಗಳ ಬಳಿಕ ಅದನ್ನು ಮರಳಿ ಕೊಂಡು 'ಅಲೆಗ್ರೆಟ್ಟೊ' ಎಂಬ ಹೆಸರಿನಲ್ಲಿ ಬಣ್ಣದಲ್ಲಿಯೇ ಪೂರ್ಣಗೊಳಿಸಿದರು.

ಎಂ.ಜಿ.ಎಂ. ಸಂಸ್ಥೆಗೆ ಮಾಡಿದ 'ಆಪ್ಟಿಕಲ್ ಪೊಯಂ' (1938) ಲಿಸ್ಟ್ ಅವರ ಎರಡನೆಯ ಹಂಗೇರಿಯನ್ ರ‍್ಯಾಪ್ಸಡಿಗೆ ಹೊಂದಿಸಿದ ಚಿತ್ರ. ನೂರಾರು ಕಾಗದದ ವೃತ್ತ, ಚೌಕಗಳನ್ನು ಕಣ್ಣಿಗೆ ಕಾಣದಂತೆ ತೂಗುಹಾಕಿ, ಒಂದೊಂದು ಫ್ರೇಮಿಗೂ ತುಸು ತುಸುವೇ ಸರಿಸಿ ಚಿತ್ರೀಕರಿಸಲಾಯಿತು. ಅಲುಗಾಡುವ ಕಾಗದವನ್ನು ಉದ್ದ ಕೋಲಿಗೆ ಕಟ್ಟಿದ ಗರಿಯಿಂದ ನಿಲ್ಲಿಸುವ ಕೆಲಸ ಕೆಲಕಾಲ ಯುವ ಸಹಾಯಕರೊಬ್ಬರದಾಗಿತ್ತು. ಅವರು ಮುಂದೆ ಪ್ರಸಿದ್ಧ ಸಂಗೀತ ಸಂಯೋಜಕರಾದ ಜಾನ್ ಕೇಜ್. ಪ್ರತಿಯೊಂದು ವಸ್ತುವಿನಲ್ಲಿಯೂ ಒಂದು ಚೇತನವಿದೆ, ಅದನ್ನು ಕಂಪಿಸುವಂತೆ ಮಾಡಿದಾಗ ಅದು ನಾದವಾಗಿ ಹೊರಬರುತ್ತದೆ ಎಂಬ ಫಿಶಿಂಗರ್ ಅವರ ವಿಚಾರ ತಮ್ಮನ್ನು ತಾಳವಾದ್ಯಗಳತ್ತ ತಿರುಗಿಸಿತೆಂದು ಕೇಜ್ ನೆನೆದುಕೊಂಡಿದ್ದಾರೆ.

ಫ್ಯಾಂಟೇಸಿಯಾ

ಬಾಖ್ ಅವರ ಡಿ ಮೈನರ್ 'ಟೊಕಾಟಾ ಮತ್ತು ಫ್ಯೂಗ್' ಮೂಲತಃ ಆರ್ಗನ್‌ಗೆ ರಚಿತವಾದ ಕೃತಿ. ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ಅದನ್ನು ವಾದ್ಯವೃಂದಕ್ಕೆ ಅಳವಡಿಸಿದ್ದರು. ಸ್ಟೊಕೊವ್‌ಸ್ಕಿಯವರ ಜೊತೆಗೂಡಿ ಬಾಖ್ ಸಂಗೀತವನ್ನು ಚಿತ್ರವಾಗಿಸುವ ಆಸೆ ಫಿಶಿಂಗರ್ ಅವರಲ್ಲಿ ಮೊದಲೇ ಇತ್ತು. ಅದೇ ಸಂಗೀತ, ಅದೇ ವಾದ್ಯವೃಂದ ನಿರ್ದೇಶಕ ಡಿಸ್ನಿ ಸ್ಟುಡಿಯೋದ ಹೊಸ ಯೋಜನೆಯಲ್ಲಿ ಸೇರಿದಾಗ, 1938ರ ನವೆಂಬರ್‌ನಲ್ಲಿ ಫಿಶಿಂಗರ್ ಅಲ್ಲಿ ನೌಕರಿಗೆ ಸೇರಿದರು. ವೇತನ ವಾರಕ್ಕೆ 60 ಡಾಲರ್. ಯುರೋಪಿನಲ್ಲಿ ಸ್ವಂತ ಹೆಸರಿನಿಂದ ಚಿತ್ರ ತೆಗೆಯುತ್ತಿದ್ದವರು ಇಲ್ಲಿ ಪರಿಣಾಮ ವಿಭಾಗದ ಅನಿಮೇಟರ್‌ಗಳಲ್ಲಿ ಒಬ್ಬರಾದರು. 'ಪಿನೋಕಿಯೊ' ಚಿತ್ರದಲ್ಲಿ ನೀಲಿ ಯಕ್ಷಿಣಿಯ ಮಂತ್ರದಂಡದ ಬೆಳಕಿನ ದೃಶ್ಯಕ್ಕೂ ಅವರು ಕೆಲಸ ಮಾಡಿದರು.

ಭಿನ್ನಾಭಿಪ್ರಾಯ ಹುಟ್ಟಲು ತಡವಾಗಲಿಲ್ಲ. ಫಿಶಿಂಗರ್ ಪಾಲಿಗೆ ಚಿತ್ರ ಸಂಗೀತದ ವಿವರಣೆಯಾಗಬಾರದು. ಫ್ಯೂಗ್‌ನಲ್ಲಿ ಒಂದು ಸ್ವರಸಾಲು ಇನ್ನೊಂದನ್ನು ಹಿಂಬಾಲಿಸುವಂತೆ ಪರದೆಯಲ್ಲಿಯೂ ಆಕಾರಗಳು ಪರಸ್ಪರ ಉತ್ತರಿಸುತ್ತ ಬೆಳೆಯಬೇಕು, ಅವು ಬೇರೆ ಯಾವುದರ ಪ್ರತೀಕವೂ ಆಗಿರಬಾರದು. ಸ್ಟುಡಿಯೋಗೆ ಸಾಮಾನ್ಯ ಪ್ರೇಕ್ಷಕರ ಚಿಂತೆ. ಶುದ್ಧ ಅಮೂರ್ತ ಚಿತ್ರವನ್ನು ಅವರು ಸಹಿಸಲಾರರು, ನೋಡಿದ್ದು ಏನೆಂದು ಗುರುತು ಹಿಡಿಯಲು ಮೋಡವೋ ಪಿಟೀಲಿನ ಕಮಾನೋ ಇರಬೇಕು ಎಂಬುದು ಅಲ್ಲಿನ ತೀರ್ಮಾನ. ಕೆಲಸ ಸಭೆಗಳಲ್ಲಿ, ಹಲವು ಕೈಗಳಲ್ಲಿ ಸಾಗುತ್ತಿತ್ತು. ಫಿಶಿಂಗರ್ ಒಂಟಿಯಾಗಿ ದುಡಿದು ಬಂದವರು. ಅವರ ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೆ. ಅವರ ವಿನ್ಯಾಸಗಳನ್ನು ಸರಳಗೊಳಿಸಲಾಯಿತು, ಬಣ್ಣಗಳನ್ನು ಬದಲಿಸಲಾಯಿತು, ಆಕಾರಗಳಿಗೆ ವಸ್ತುಗಳ ಹೋಲಿಕೆ ಕೊಡಲಾಯಿತು. 1939ರ ಅಕ್ಟೋಬರ್ ಕೊನೆಗೆ ಅವರು ಸ್ಟುಡಿಯೋ ತೊರೆದರು. 1940ರ ನವೆಂಬರ್ 13ರಂದು ನ್ಯೂಯಾರ್ಕ್‌ನಲ್ಲಿ ಚಿತ್ರ ಬಿಡುಗಡೆಯಾದಾಗ ಅವರ ಹೆಸರು ಅದರಲ್ಲಿರಲಿಲ್ಲ. ಆ ಚಿತ್ರಭಾಗವನ್ನು ಅವರು ತಮ್ಮದೆಂದು ಒಪ್ಪಲೂ ಇಲ್ಲ.

ಎರಡೂ ಕಡೆಯ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಕಥೆಯಿಲ್ಲದ ಒಂದು ಭಾಗದಿಂದಲೇ ಪೂರ್ಣಾವಧಿಯ ಚಿತ್ರವನ್ನು ಆರಂಭಿಸಿದ್ದು ಡಿಸ್ನಿಯವರ ಮಟ್ಟಿಗೆ ಸಾಹಸವೇ. ಆದರೆ 'ಸ್ಟಡಿ ಸಂಖ್ಯೆ 7' ನೋಡಿದ ಕಣ್ಣಿಗೆ 'ಫ್ಯಾಂಟೇಸಿಯಾ'ದ ಬಾಖ್ ಅಳುಕಿನಿಂದ ಹೆಜ್ಜೆಯಿಟ್ಟಂತೆ ಕಾಣುವುದು ಸಹಜ.

ಮೋಶನ್ ಪೇಂಟಿಂಗ್ ಸಂಖ್ಯೆ 1

1941ರ ಡಿಸೆಂಬರ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿದ ಮೇಲೆ ಫಿಶಿಂಗರ್ ಶತ್ರುದೇಶದ ಪ್ರಜೆ ಎನಿಸಿಕೊಂಡರು. ನೌಕರಿ ಸಿಗುವುದು ಕಷ್ಟವಾಯಿತು. ಆಗ ಆರ್ಸನ್ ವೆಲ್ಸ್ ಕೆಲಕಾಲ ಕೆಲಸ ಕೊಟ್ಟು ನೆರವಾದರು. ಗುಗನ್‌ಹೈಮ್ ಪ್ರತಿಷ್ಠಾನದ ಹಿಲ್ಲಾ ರೆಬೈ ನೀಡಿದ ಧನಸಹಾಯ ಕುಟುಂಬಕ್ಕೆ ಆಸರೆಯಾಯಿತು. ಈ ಅವಧಿಯಲ್ಲಿ ಮಾಡಿದ 'ರೇಡಿಯೋ ಡೈನಮಿಕ್ಸ್' (1942) ಸಂಪೂರ್ಣ ಮೌನಚಿತ್ರ. ಆಕಾರ ಮತ್ತು ಬಣ್ಣಗಳಿಗೇ ಲಯ ಉಂಟು, ಸಂಗೀತದ ಊರುಗೋಲು ಅವಕ್ಕೆ ಅನಿವಾರ್ಯವಲ್ಲ ಎಂಬುದನ್ನು ಅದರಲ್ಲಿ ಅವರು ತೋರಿಸಲು ಬಯಸಿದ್ದರು.

ಗುಗನ್‌ಹೈಮ್ ನೆರವಿನಿಂದಲೇ 1947ರಲ್ಲಿ 'ಮೋಶನ್ ಪೇಂಟಿಂಗ್ ಸಂಖ್ಯೆ 1' ಸಿದ್ಧವಾಯಿತು. ಪಾರದರ್ಶಕ ಪ್ಲೆಕ್ಸಿಗ್ಲಾಸ್ ಹಾಳೆಯ ಮೇಲೆ ಎಣ್ಣೆಬಣ್ಣದಿಂದ ಚಿತ್ರ ಬರೆಯುತ್ತ, ಕುಂಚದ ಪ್ರತಿ ಎಳೆತಕ್ಕೂ ಒಂದೊಂದು ಫ್ರೇಮ್ ತೆಗೆಯುತ್ತ ಅವರು ತಿಂಗಳುಗಟ್ಟಲೆ ದುಡಿದರು. ತಪ್ಪಾದರೆ ಅಳಿಸಿ ಹಿಂದಕ್ಕೆ ಹೋಗುವಂತಿರಲಿಲ್ಲ. ಸುಮಾರು 11 ನಿಮಿಷಗಳ ಈ ಚಿತ್ರದ ಸಂಗೀತ ಬಾಖ್ ಅವರ ಮೂರನೆಯ ಬ್ರಾಂಡನ್‌ಬರ್ಗ್ ಕಂಚೆರ್ಟೊ. ಹಿಂದಿನ ಚಿತ್ರಗಳಂತೆ ಇಲ್ಲಿ ಪ್ರತಿ ಸ್ವರಕ್ಕೆ ಒಂದು ಚಲನೆ ಎಂಬ ಬಿಗಿಯಿಲ್ಲ. ಸುರುಳಿಗಳು ಹಬ್ಬುತ್ತವೆ, ಚೌಕಗಳು ಗೋಡೆಯಂತೆ ಏಳುತ್ತವೆ. ಬಣ್ಣದ ಮೇಲೆ ಬಣ್ಣ ಕೂಡುತ್ತ ಚಿತ್ರವು ಸಂಗೀತದ ಪಕ್ಕದಲ್ಲಿ ತನ್ನದೇ ಹಾದಿಯಲ್ಲಿ ಬೆಳೆಯುತ್ತದೆ. ಡಿಸ್ನಿ ಸ್ಟುಡಿಯೋದಲ್ಲಿ ಕೈಗೂಡದ ಬಾಖ್ ಇಲ್ಲಿ ಅವರಿಗೆ ದಕ್ಕಿದ ಎಂದು ಹೇಳಬಹುದು. ರೆಬೈ ಅವರಿಗೆ ಮಾತ್ರ ಚಿತ್ರ ಹಿಡಿಸಲಿಲ್ಲ, ಧನಸಹಾಯವೂ ಮುಂದುವರಿಯಲಿಲ್ಲ. 1949ರಲ್ಲಿ ಬೆಲ್ಜಿಯಂನ ಪ್ರಾಯೋಗಿಕ ಚಿತ್ರಗಳ ಸ್ಪರ್ಧೆಯಲ್ಲಿ ಅದಕ್ಕೆ ಅತ್ಯುನ್ನತ ಬಹುಮಾನ ಬಂದಿತು.

ಕೊನೆಯ ವರ್ಷಗಳು

ಇದರ ನಂತರ ಫಿಶಿಂಗರ್ ದೊಡ್ಡ ಚಿತ್ರವನ್ನು ಪೂರ್ಣಗೊಳಿಸಲಿಲ್ಲ. ಸಣ್ಣ ಪ್ರಯೋಗಗಳು, ಕೆಲವು ದೂರದರ್ಶನ ಜಾಹೀರಾತುಗಳ ಹೊರತು ಅವರ ಸಮಯ ಹೆಚ್ಚಾಗಿ ಕ್ಯಾನ್ವಾಸ್ ಮೇಲೆ ವರ್ಣಚಿತ್ರ ಬರೆಯುವುದರಲ್ಲಿ ಕಳೆಯಿತು. ಲೂಮಿಗ್ರಾಫ್ ಎಂಬ ಬಣ್ಣದ ವಾದ್ಯವನ್ನು ನಿರ್ಮಿಸಿ 1955ರಲ್ಲಿ ಪೇಟೆಂಟ್ ಪಡೆದರು. ಕತ್ತಲ ಕೋಣೆಯಲ್ಲಿ ಹಿಗ್ಗುವ ಪರದೆಯನ್ನು ಹಿಂದಿನಿಂದ ಕೈಯಲ್ಲಿ ಒತ್ತಿದಾಗ ಮುಂದಕ್ಕೆ ಉಬ್ಬಿದ ಭಾಗ ಮಾತ್ರ ತೆಳ್ಳನೆಯ ಬಣ್ಣದ ಬೆಳಕಿಗೆ ಸಿಕ್ಕಿ ಹೊಳೆಯುತ್ತದೆ. ಸಂಗೀತ ನುಡಿಯುತ್ತಿರುವಾಗ ವಾದಕನು ಬೆರಳುಗಳಿಂದ ಬೆಳಕನ್ನು ನುಡಿಸಬಹುದು. ವಿದ್ಯುತ್ ದೀಪ ಬಿಟ್ಟರೆ ಅದು ಸಂಪೂರ್ಣ ಕೈಯಿಂದಲೇ ನಡೆಯುವ ಸಾಧನ. ತಯಾರಕರಾರೂ ಅದನ್ನು ಮಾರುಕಟ್ಟೆಗೆ ತರಲು ಮುಂದಾಗಲಿಲ್ಲ. 1964ರ ವೈಜ್ಞಾನಿಕ ಕಾಲ್ಪನಿಕ ಚಿತ್ರ 'ದ ಟೈಮ್ ಟ್ರಾವೆಲರ್ಸ್'ನಲ್ಲಿ ಅದು ಕಾಣಿಸಿಕೊಂಡಿತು.

1967ರ ಜನವರಿ 31ರಂದು ಫಿಶಿಂಗರ್ ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು. ಚಿತ್ರಗಳು, ಕಾಗದಪತ್ರಗಳು ಚದುರದಂತೆ ಕಾಪಾಡಿದವರು ಪತ್ನಿ ಎಲ್ಫ್ರೀಡೆ. ಅವರು 1999ರವರೆಗೆ ಬದುಕಿದ್ದರು. ವಿದ್ವಾಂಸ ವಿಲಿಯಂ ಮೊರಿಟ್ಸ್ ಬರೆದ ಜೀವನಚರಿತ್ರೆ 2004ರಲ್ಲಿ ಪ್ರಕಟವಾಯಿತು. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ 'ಫ್ಯಾಂಟೇಸಿಯಾ' 1990ರಲ್ಲಿ ಸೇರಿತು, 'ಮೋಶನ್ ಪೇಂಟಿಂಗ್ ಸಂಖ್ಯೆ 1' 1997ರಲ್ಲಿ. ಅವರು ನಿರ್ಮಿಸಿದ ಲೂಮಿಗ್ರಾಫ್‌ಗಳಲ್ಲಿ ಒಂದು ಇಂದು ಫ್ರಾಂಕ್‌ಫರ್ಟ್‌ನ ಚಲನಚಿತ್ರ ವಸ್ತುಸಂಗ್ರಹಾಲಯದಲ್ಲಿದೆ.